ಟಿಟ್ಟಿಭದ ತತ್ತಿ

ಹೊಂಗೆ ಹೂವಿನ ವಾಸನೆ ಬಂದರೆ ಈಗಲೂ ನನಗೆ ಕಾಗಿಣಾ ಹೊಳೆಯ ದಂಡೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸೇಡಂನಲ್ಲಿ ಮಾಸ್ತರರಾಗಿದ್ದ ಅಪ್ಪ ಬೇಸಿಗೆ ರಜೆಯಲ್ಲಿ ದುರ್ಬೀನು ಹಿಡಿದು ಹಕ್ಕಿ ನೋಡಲು ಹೋಗುತ್ತಿದ್ದರು. ಅಂದು ಅವರ ಜೊತೆ ನಾನೂ, ಅವರ ತಂಗಿಯಾದ ನನ್ನ ಅತ್ತೆಯೂ ಹೋದೆವು. ಗಂಡನ ಮನೆಯಿಂದ ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಎಲ್ಲರಿಗೂ ಹೇಳಿದ್ದಳು. ಸೋಮವಾರ ಅವಳನ್ನು ವಾಪಸ್ ಕಳಿಸಬೇಕೆಂದು ಅಜ್ಜಿ ಹಟ ಹಿಡಿದಿದ್ದಳು.

ದಂಡೆಯ ಹರಳುಕಲ್ಲುಗಳ ಮೇಲೆ ನಡೆಯುವಾಗ ಟಿಟ್ಟಿಭ ಹಕ್ಕಿಯೊಂದು ಚೀರುತ್ತಾ ನಮ್ಮ ತಲೆಯ ಮೇಲೆ ಎರಗಿತು. ನಾನು ಅತ್ತೆಯ ಸೆರಗು ಹಿಡಿದೆ.

"ತತ್ತಿ ಇಟ್ಟದ, ಹಿಂದ ಸರೀರಿ," ಎಂದರು ಅಪ್ಪ. ಹರಳುಗಳ ನಡುವೆ ಹರಳಿನದೇ ಬಣ್ಣದ, ಕಪ್ಪು ಚುಕ್ಕೆಯ ತತ್ತಿಗಳಿದ್ದವು.

ನಾವು ಹೊಂಗೆಯ ನೆರಳಿನಲ್ಲಿ ಕುಳಿತ ಮೇಲೆ ಹಕ್ಕಿ ಮೆಲ್ಲಗೆ ಬಂದು ಕಾವಿಗೆ ಕೂತಿತು. ಅತ್ತೆ ಅದನ್ನು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದಳು. ದುರ್ಬೀನನ್ನು ಕಣ್ಣಿನಿಂದ ತೆಗೆಯದೆಯೇ, "ಅಣ್ಣಾ, ನಾ ಜಾರಿ ಬಿದ್ದಿದ್ದಿಲ್ಲ," ಎಂದಳು.

ಅಪ್ಪ ಒಂದು ಹರಳನ್ನು ಬೆರಳುಗಳ ನಡುವೆ ತಿರುಗಿಸಿದರು. ಆಮೇಲೆ, "ನೀ ಎಲ್ಲಿಗೂ ಹೋಗೋದು ಬ್ಯಾಡ. ಅವ್ವಗ ನಾ ಹೇಳ್ತೀನಿ," ಎಂದರು.

ಸೋಮವಾರ ಬೆಳಿಗ್ಗೆ ಅವಳ ಗಂಡನ ಊರಿನ ಬಸ್ಸು ಹೊರಡುವ ಹೊತ್ತಿಗೆ ಅತ್ತೆ ಅಂಗಳದಲ್ಲಿ ಕುಳಿತು, ನೋಯುವ ಕೈಯಲ್ಲೇ ನಿಧಾನವಾಗಿ ನನಗೆ ಜಡೆ ಹೆಣೆಯುತ್ತಿದ್ದಳು.