ಸೂರಿನ ನೀರು ಯಾರ ಕಡೆ?

ಅಷ್ಟು ಮಳೆ ಹೊಯ್ದರೂ ತಮ್ಮ ಡ್ರಮ್ಮಿನಲ್ಲಿ ಕಾಗೆಯ ಕೊಕ್ಕು ನೆನೆಯುವಷ್ಟೂ ನೀರಿಲ್ಲ, ಗೋಡೆಯಾಚೆ ಚಿಕ್ಕತ್ತೆಯ ಡ್ರಮ್ಮು ಮಾತ್ರ ತುಂಬಿ ಸುರಿಯುತ್ತಿದೆ. ಇದೆಂಥ ಮಾಯೆ? ಸೊಸೆಯ ತಲೆಗೆ ಹುಳ ಹೊಕ್ಕಿತು. ಕೂಸಿನ ಬಟ್ಟೆ ಒಗೆಯಲು ಬೀದಿ ನಲ್ಲಿಯಿಂದ ನೀರು ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಹೇಗೂ ಸೂರಿನಂಚಿನ ಮಳೆನೀರು ಹಿಡಿಯುವ ತಗಡಿನ ದೋಣಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಹೊಸದು ಕೂರಿಸಲು ತಗಡಿನವನನ್ನು ಕರೆಸಿಯೇಬಿಟ್ಟಳು.

ದೋಣಿ ಒಂದೇ, ಮನೆ ಎರಡು. ಅತ್ತೆ, ಚಿಕ್ಕತ್ತೆ ಅಕ್ಕತಂಗಿಯರಿಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ಮನೆಗೆ ನಡುವೆ ಗೋಡೆ ಎದ್ದಿತ್ತು. ಸೂರನ್ನು ಸೀಳಲಾಗದೆ ಹಾಗೇ ಬಿಟ್ಟಿದ್ದರು. ದೋಣಿಯ ಎರಡು ತುದಿಗೂ ಒಂದೊಂದು ಬಾಯಿ, ಅದರ ಕೆಳಗೆ ಅವರವರ ಡ್ರಮ್ಮು. ಗೋಡೆ ಎದ್ದ ದಿನ ಅತ್ತೆ, "ಅವಳಿಗೆ ನನ್ನ ಕೈಯಾರೆ ಒಂದು ತೊಟ್ಟು ನೀರು ಕೊಟ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ" ಎಂದು ಆಣೆ ಇಟ್ಟಿದ್ದರಂತೆ. ಆಚೆಯವಳೂ ಅದೇ ಅಪ್ಪನ ಮಗಳೆಂಬುದು ಆ ಸಿಟ್ಟಿನಲ್ಲಿ ನೆನಪಾಗಿರಲಿಕ್ಕಿಲ್ಲ.

"ಕದ್ದಿರ್ತಾಳೆ, ಇನ್ನೇನು! ಹುಟ್ಟುಗುಣ ಸುಟ್ರೂ ಹೋಗಲ್ಲ," ಎಂದು ಅತ್ತೆ ಹೊಸ್ತಿಲಲ್ಲಿ ಕೂತು ಗೊಣಗಿದರು. ಮರುಕ್ಷಣವೇ, "ಆದ್ರೂ ಹಳೇ ದೋಣಿ ಗಟ್ಟಿಯಾಗೇ ಇದೆಯಲ್ಲೇ. ಸುಮ್ನೆ ಯಾಕೆ ಮುಟ್ಟೋದು?" ಎಂದರು. ಕಳ್ಳತನಕ್ಕೆ ಶಾಪವನ್ನೂ ಹಾಕಿ, ಕಳ್ಳದಾರಿ ಮುಚ್ಚುವುದೂ ಬೇಡ ಎನ್ನುವವರನ್ನು ಸೊಸೆ ಇದೇ ಮೊದಲು ಕಂಡದ್ದು. ಅವಳಿಗೆ ಒಳಗೆ ಕೂರಲಾಗಲಿಲ್ಲ. ಏಣಿಯ ಬುಡಕ್ಕೇ ಬಂದು ನಿಂತಳು.

ತಗಡಿನವನು ಮೇಲೆ ಹತ್ತಿ ದೋಣಿಯ ನಡುವಿಗೆ ಒಂದು ಚೊಂಬು ನೀರು ಹೊಯ್ದ. ನೀರು ಒಂದಿಷ್ಟೂ ಅನುಮಾನಿಸದೆ ಆಚೆಗೆ ಓಡಿತು.

"ಅಕ್ಕಾ, ನಿಮ್ಮ ಕಡೆ ತುದಿ ಎರಡು ಬೆರಳು ಮೇಲಿದೆ. ಯಾರೋ ಅದರ ಕೆಳಗೆ ಬೆಣೆ ಕೊಟ್ಟಿದಾರೆ."

"ನಂಗೊತ್ತಿತ್ತು! ಅವರದ್ದೇ ಕೆಲಸ."

"ಅವರು ಹೇಗೆ ಕೊಡ್ತಾರಕ್ಕಾ? ಬೆಣೆ ಇರೋದು ನಿಮ್ಮ ಅಡುಗೆಮನೆ ಕಿಟಕಿ ಮೇಲೆ. ನಿಮ್ಮ ಒಗೆಯೋ ಕಲ್ಲು ಹತ್ತಿ ನಿಂತ್ರೆ ಮಾತ್ರ ಕೈಗೆ ಸಿಗುತ್ತೆ." ಹೀಗೆಂದವನು ಬೆಣೆಯನ್ನು ಕಿತ್ತು ಅವಳ ಕೈಗೆ ಕೊಟ್ಟ.

ಹಿಡಿಯ ಬುಡ ಸುಟ್ಟ ಮರದ ಸೌಟು! ಕಳೆದ ಮಳೆಗಾಲದಲ್ಲಿ ಕಾಣೆಯಾದದ್ದು. ಅಡುಗೆಮನೆಯೆಲ್ಲ ತಡಕಾಡಿದಾಗ, ಇಲಿ ಎಳೆದುಕೊಂಡು ಹೋಯಿತು ಎಂದು ಸಮಾಧಾನ ಹೇಳಿದ್ದವರು ಅತ್ತೆಯೇ. ಅಬ್ಬಬ್ಬಾ, ಒಗೆಯುವ ಕಲ್ಲು ಹತ್ತಿ ದೋಣಿಗೆ ಬೆಣೆ ಇಡುವ ಇಲಿ! ಮನೆಯ ಮೆಟ್ಟಿಲಿಳಿಯಲೂ "ಕೈ ಹಿಡಿಯೇ" ಎನ್ನುವ ಇಲಿ! ಸೊಸೆಗೆ ಮೊದಲು ಮೈಯೆಲ್ಲ ಉರಿಯಿತು. ತಾನು ಇಲ್ಲಿ ಕೊಡ ಹೊತ್ತು ಸಾಯುತ್ತಿದ್ದರೆ ಇವರು ನೀರನ್ನೆಲ್ಲ ಆಚೆ ಕಳಿಸುತ್ತಿದ್ದರೇ? ಆಮೇಲೆ ಚಿಕ್ಕತ್ತೆ ಕಣ್ಣ ಮುಂದೆ ಬಂದರು. ಅವರ ಮನೆಯ ನಲ್ಲಿಗೆ ನೀರು ಬರುವುದು ಬೀದಿಗೆಲ್ಲ ಮುಗಿದ ಮೇಲೆ, ಅದೂ ನೂಲಿನಷ್ಟು. ಮೊಣಕಾಲಿಗೆ ಕೊಡ ಹೊರುವ ತ್ರಾಣವಿಲ್ಲ. ಬಾಯಿಬಿಟ್ಟು ಕೇಳುವ ಜೀವವಂತೂ ಅಲ್ಲವೇ ಅಲ್ಲ. ಅವಳ ಸಿಟ್ಟು ಅರ್ಧದಲ್ಲೇ ನಿಂತಿತು.

"ಏನೇ ಸಿಕ್ತು ಅಲ್ಲಿ?" ಹೊಸ್ತಿಲಿಂದಲೇ ಅತ್ತೆ ಕತ್ತು ಚಾಚಿ ಕೇಳಿದರು.

"ಏನಿಲ್ಲ ಅತ್ತೆ, ಕಸ," ಎಂದು ಸೊಸೆ ಸೌಟನ್ನು ಬೆನ್ನ ಹಿಂದೆ ಹಿಡಿದಳು.

ತಗಡಿನವನು ದನಿ ತಗ್ಗಿಸಿದ. "ಹೊಸ ದೋಣಿ ಎತ್ತ ಓರೆ ಮಾಡ್ಲಿ? ಈಗಲೇ ಹೇಳ್ಬಿಡಿ, ನೀರಿಗೇನು ನೆಂಟಸ್ತನ ಗೊತ್ತಾಗಲ್ಲ."

"ನಡು ಎತ್ತಿ ಅಣ್ಣಾ. ಎರಡೂ ಕಡೆ ಹರೀಲಿ."

"ಅಮ್ಮನೋರನ್ನ ಒಂದ್ಮಾತು ಕೇಳೋದಾ?"

"ಕೇಳಿದ್ರೆ ಬೇಡ ಅಂತಾರೆ. ಯಾವುದು ಬೇಡ ಅಂತ ಮಾತ್ರ ಹೇಳಲ್ಲ."

ಹೊಸ ದೋಣಿ ಕೂತ ದಿನ ಸಂಜೆಗೇ ಮಳೆ ಹಿಡಿಯಿತು. ಈಚೆಯ ಡ್ರಮ್ಮಿಗೆ ನೀರು ದಬದಬ ಬೀಳತೊಡಗಿತು. ಅತ್ತೆ ಬಾಗಿಲಿಗೆ ಬಂದು ಅದನ್ನು ನೋಡಿದವರು ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದರು. ಕೂತರು, ಎದ್ದರು, ಮತ್ತೆ ಬಾಗಿಲಿಗೆ ಬಂದರು. ಸೊಸೆ ಕೂಸಿನ ಬಟ್ಟೆ ಮಡಚುತ್ತಾ ಓರೆಗಣ್ಣಿನಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ಎಷ್ಟು ಹೊತ್ತು ತಡೆದಾರು ನೋಡೇಬಿಡೋಣ ಎಂದು ಅವಳಿಗೂ ಹಟ.

"ಲೇ, ಗೋಡೆ ಆಚೆ ಒಂಚೂರು ಇಣುಕಿ ನೋಡು," ಎಂದರು ಅತ್ತೆ ಕೊನೆಗೆ. "ಆ ಕಳ್ಳಿ ಇನ್ನೂ ನಮ್ಮ ನೀರು ಕದೀತಿದಾಳಾ ಅಂತ."

ಸೊಸೆ ಕೊಡೆ ಹಿಡಿದು ಹೋಗಿ ಇಣುಕಿ ಬಂದಳು.

"ಕದೀತಿದಾರೆ ಅತ್ತೆ."

"ಎಷ್ಟು?"

"ಅರ್ಧ."

ಅತ್ತೆ ತುಂಬುತ್ತಿದ್ದ ತಮ್ಮ ಡ್ರಮ್ಮನ್ನೊಮ್ಮೆ ನೋಡಿದರು, ಗೋಡೆಯನ್ನೊಮ್ಮೆ ನೋಡಿದರು.

"ಅರ್ಧ ಸಾಕಾಗುತ್ತೇನೇ ಅವಳಿಗೆ?"