ಎಡೆಗೊಂದು ಪ್ಲೇಟ್ ಗೋಬಿ

"ಇದ್ಯಾವ್ದೂ ಅಮ್ಮಂಗೆ ಇಷ್ಟ ಇಲ್ಲ!"

ಎಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ದೀಪಿಕ ಹೇಳಿಯೇಬಿಟ್ಟಳು. ಅವಳಮ್ಮ ಕುಸುಮ ತೀರಿಕೊಂಡ ಮೇಲೆ ಹನಕೆರೆಯ ಆ ಮನೆಗೆ ಬಂದ ಮೊದಲ ಹಿರಿಯರ ಹಬ್ಬ. ಫೋಟೊ ಮುಂದಿನ ಬಾಳೆಯೆಲೆಯಲ್ಲಿ ಮುದ್ದೆ, ಮಾಂಸದ ಸಾರು, ಕಜ್ಜಾಯ, ಚಕ್ಕುಲಿ, ಏನುಂಟು ಏನಿಲ್ಲ! ಬೆಳಗಿನಿಂದ ಒಲೆ ಮುಂದೆ ಬೆಂದಿದ್ದ ಅಜ್ಜಿ ಸಣ್ಣತಾಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೇನಮ್ಮಿ ಇಷ್ಟ ನಿಮ್ಮವ್ವಂಗೆ? ನನ್ ಸೊಸೆ, ನಂಗೊತ್ತಿಲ್ವಾ?"

ದೀಪಿಕಳಿಗೆ ಅಳು ಬಂತು. ಅಜ್ಜಿಗೆ ಹೇಳುವುದಿಲ್ಲವೆಂದು ಅಮ್ಮನ ಕೈಮೇಲೆ ಕೈಯಿಟ್ಟು ಆಣೆ ಮಾಡಿದ್ದಳು. ಹೇಳದಿದ್ದರೆ, ವರ್ಷಕ್ಕೊಮ್ಮೆ ಬರುವ ಅಮ್ಮ ಇಷ್ಟದ್ದು ತಿನ್ನದೆಯೇ ಹೋಗಿಬಿಡುತ್ತಾಳಲ್ಲ!

"ಗೋಬಿ," ಎಂದಳು ಮೆಲ್ಲಗೆ. "ಮದ್ದೂರು ಸಂತೆಗೆ ಹೋದಾಗೆಲ್ಲ ತಿಂತಿದ್ದೊ. ಇಬ್ರಿಗೂ ಒಂದೇ ಪ್ಲೇಟು. ಕೊನೇ ಪೀಸು ನಂಗೇ ಬುಡೋಳು."

"ಅಂಗಾರೆ ರೈಲು ಲೇಟು ಅಂತಿದ್ದಿದ್ದು?" ಎಂದ ಅಪ್ಪ ಶಿವರಾಜು.

"ರೈಲು ಸರ್ಯಾಗೇ ಬತ್ತಿತ್ತಪ್ಪ. ನಾವೇ ಅದ್ನ ಅತ್ತುತಿರ್ಲಿಲ್ಲ."

ಶಿವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ಹೋದ ಮೇಲೆ ಅವನು ಹೀಗೆ ನಕ್ಕಿರಲೇ ಇಲ್ಲ.

"ಇಸ್ಸಿ! ಆ ಬೀದಿ ತಿಂಡಿ ಎಡೆಗಾ? ಒಸ್ಲು ದಾಟುಸ್ಬ್ಯಾಡಿ!" ಎಂದು ಅಜ್ಜಿ ಕೂಗುವಷ್ಟರಲ್ಲಿ ಅವನ ಬೈಕು ಬೀದಿ ತಿರುಗಿಯಾಗಿತ್ತು.

ಅಜ್ಜಿ ಗೊಣಗುತ್ತಿದ್ದಂತೆಯೇ ಅವನು ತಂದ ಕೆಂಪನೆಯ ಗೋಬಿಯನ್ನೂ ಇಟ್ಟು ಧೂಪ ಹಾಕಿದ್ದಾಯಿತು. ಇನ್ನು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುವುದು ಆಗಲೇ.

"ನೀವ್ ನಡೀರಿ, ದೀಪ ಸರಿಮಾಡಿ ಬತ್ತೀನಿ," ಎಂದು ಅಜ್ಜಿ ಒಳಗೇ ಉಳಿದಳು. ಒಂದು ದೀಪ ಸರಿಮಾಡಲು ಅಷ್ಟೊತ್ತು ಯಾಕೆ ಬೇಕಿತ್ತೋ! ಶಿವರಾಜು ಎರಡು ಸಲ ಕೂಗಿದ ಮೇಲೆ ಹೊರಗೆ ಬಂದು ಬಾಗಿಲೆಳೆದುಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ ಮುದ್ದೆ, ಸಾರು ಎಲ್ಲ ಹಾಗೇ ಇದ್ದವು. ಗೋಬಿ ಪ್ಲೇಟಿನಲ್ಲಿ ಮಾತ್ರ ಒಂದೇ ಒಂದು ಪೀಸು.

"ನೋಡ್ದಾ ಕೂಸೇ, ನಿಮ್ಮವ್ವ ಬಂದಿದ್ಲು," ಎಂದಳು ಅಜ್ಜಿ, ಎತ್ತಲೋ ನೋಡುತ್ತ.

ದೀಪಿಕ ಪ್ಲೇಟು ನೋಡಿದಳು, ಅಜ್ಜಿಯ ಮುಖ ನೋಡಿದಳು. ಆ ಪೀಸನ್ನು ಬಾಯಿಗೆ ಹಾಕಿಕೊಂಡು ಅಜ್ಜಿಯ ಸೊಂಟ ತಬ್ಬಿ, ಅಪ್ಪನಿಗೆ ಕೇಳಿಸದಂತೆ ಹೇಳಿದಳು:

"ಬಾಯಿ ಒರ್ಸ್ಕೊ ಅಜ್ಜಿ, ಕೆಂಪಗದೆ. ಅಮ್ಮನೂ ಸೆರಗಲ್ಲಿ ಒರ್ಸ್ಕೊಂಡೇ ಒಳಿಕ್ ಬರೋಳು."