ಎಡಕ್ಕೆ ಎರಡು ಮೊಳ

ಬಿಸಿಲು ನೆಲದ ಮೇಲೆ ಬಾಳಗೊಡದಂತಾದ ಮೇಲೆ ರಾಯಚೂರು ಸೀಮೆಯ ಜನ ಹಳೆಯ ಚಿನ್ನದ ಗಣಿಗಳೊಳಗೆ ಊರು ಕಟ್ಟಿಕೊಂಡಿದ್ದರು. ಹುಲಿಗೆಮ್ಮ ಹುಟ್ಟಿದ್ದೇ ಅಲ್ಲಿ, ಸಾವಿರ ಅಡಿ ಕೆಳಗಿನ ಓಣಿಯಲ್ಲಿ. ಬಂಡೆ ಕೊರೆಯುವುದು ಅವಳ ಕಸುಬು. ಅಕ್ಕ ದುರುಗಮ್ಮನನ್ನು ಪಕ್ಕದ ಗಣಿಯೂರಿಗೆ ಕೊಟ್ಟಿದ್ದರು. ಆಮೇಲೆ ಮೇಲಿನ ದಾರಿ, ತಂತಿ ಎಲ್ಲ ಸುಟ್ಟುಹೋಗಿ, ಹನ್ನೊಂದು ವರ್ಷದಿಂದ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ.

ಈಗ ಎರಡೂ ಊರಿನವರು ಎದುರುಬದುರಾಗಿ ಸುರಂಗ ಕೊರೆಯುತ್ತ ಬಂದಿದ್ದರು. ಎರಡು ದಿನದ ಹಿಂದೆಯೇ ಕೂಡಬೇಕಿತ್ತು, ಕೂಡಿರಲಿಲ್ಲ. ಗುರಿ ತಪ್ಪಿ ದಾಟಿಹೋದರೆ ಮತ್ತೆ ಒಂದು ವರ್ಷದ ಕೆಲಸ. ಇಂಜಿನಿಯರ್ ಸಾದಿಕ್ ನಕ್ಷೆ ಹರವಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ.

ಹುಲಿಗೆಮ್ಮ ಯಂತ್ರ ನಿಲ್ಲಿಸಿ ಬಂಡೆಗೆ ಕಿವಿ ಹಚ್ಚಿದಳು.

“ಸಾಹೇಬ್ರ, ಎಡಕ್ಕ ಎರಡು ಮೊಳ ಸರಿಯೂಣ್ರಿ. ಅಲ್ಲಿ ಯಾರೋ ಸುತ್ತಿಗಿ ಬಡ್ಯಾಕತ್ತಾರ.”

“ನಕ್ಷ್ಯಾಗ ಹಂಗಿಲ್ಲವ್ವ.”

“ನಕ್ಷಿಗೆ ಕಿವಿ ಎಲ್ಲೈತ್ರಿ?”

ಸಾದಿಕ್ ತಾನೂ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ. ಕೊನೆಗೆ ನಕ್ಷೆ ಮಡಚಿಟ್ಟ.

ಸಂಜೆಯ ಪಾಳಿ ಬರುವ ಮೊದಲೇ ಕೊರೆಗೋಲು ಆಚೆಗೆ ನುಗ್ಗಿತು. ತೋಳು ಹಿಡಿಸುವಷ್ಟು ಅಗಲದ ತೂತಿನಿಂದ ರೊಟ್ಟಿ ಬೇಯುವ ವಾಸನೆ ಬಂತು, ಅದರ ಹಿಂದೆಯೇ ಒಂದು ದನಿ.

“ಆ ಕಡಿ ನಮ್ಮ ಹುಲಿಗಿ ಅದಾಳೇನ್ರಿ?”

ಹುಲಿಗೆಮ್ಮ “ನಾನ ಅದೀನಿ, ಯಕ್ಕಾ” ಎಂದು ತೂತಿನೊಳಗೆ ಕೈ ಚಾಚಿದಳು. ಆಚೆಯಿಂದ ಒರಟು ಬೆರಳುಗಳು ಗಟ್ಟಿಯಾಗಿ ಹಿಡಿದುಕೊಂಡವು.

“ಕೈ ಬಿಡು ಯಕ್ಕಾ, ತೂತು ದೊಡ್ಡದು ಮಾಡ್ತೀನಿ.”

“ಮಾಡಿಯಂತ. ಇನ್ನೊಂದೀಟು ಹೊತ್ತು ಹಿಂಗ ಇರ್ಲಿ.”

ಸಾದಿಕ್ ಕೆಲಸದವರ ಕಡೆ ತಿರುಗಿ, “ಎಲ್ಲಾರೂ ಚಾ ಕುಡ್ದು ಬರ್ರಿ” ಎಂದ.